ಬಾಕಿ ಏನೂ ಇಲ್ಲ

ಅಮ್ಮ ತೀರಿಕೊಂಡ ಬೆಳಿಗ್ಗೆ ನಾನು ಮೊದಲು ಹೋದದ್ದು ಚರ್ಚಿನ ಕಚೇರಿಗೆ. ಸಮಾಧಿಗೆ ಜಾಗ ಗೊತ್ತುಮಾಡಬೇಕಿತ್ತು, ಆರಾಧನೆಯ ಹೊತ್ತು ನಿಗದಿಯಾಗಬೇಕಿತ್ತು. ಅಲ್ಲಿನ ಗುಮಾಸ್ತರು ನನ್ನನ್ನು ಚಿಕ್ಕಂದಿನಿಂದ ಬಲ್ಲವರು. ಎದ್ದು ಬಂದು ಕೈ ಹಿಡಿದುಕೊಂಡರು, "ಅಮ್ಮನಂಥವರು ಈಗ ಎಲ್ಲಿದ್ದಾರಪ್ಪಾ" ಎಂದರು, ಕಣ್ಣೊರೆಸಿಕೊಂಡರು. ಆಮೇಲೆ ತಮ್ಮ ಕುರ್ಚಿಗೆ ಮರಳಿ, ಕಪಾಟಿನಿಂದ ಉದ್ದನೆಯ ರಿಜಿಸ್ಟರೊಂದನ್ನು ತೆಗೆದು ಮೇಜಿನ ಮೇಲೆ ಬಿಚ್ಚಿದರು. ಅವರ ತೋರುಬೆರಳು ಹೆಸರುಗಳ ಸಾಲಿನಲ್ಲಿ ಕೆಳಗಿಳಿಯುತ್ತಾ ಹೋಗಿ ಅಮ್ಮನ ಹೆಸರಿನ ಮೇಲೆ ನಿಂತಿತು. ಅಲ್ಲಿಂದ ಅಡ್ಡಕ್ಕೆ ಹೊರಳಿ ಜನವರಿ, ಫೆಬ್ರವರಿ, ಮಾರ್ಚ್ ಎಂದು ಒಂದೊಂದೇ ಮನೆ ದಾಟಿತು. ಪ್ರತಿ ಮನೆಯಲ್ಲೂ ಒಂದು ರಸೀದಿ ಸಂಖ್ಯೆ. "ಬಾಕಿ ಏನೂ ಇಲ್ಲ" ಎಂದರು. ನನಗೊಂದು ಒಳ್ಳೆಯ ಸುದ್ದಿ ಹೇಳಿದ ಸಮಾಧಾನ ಅವರ ಮುಖದಲ್ಲಿತ್ತು.

ಅವರ ಮೇಲೆ ನನಗೆ ಸಿಟ್ಟಿಲ್ಲ. ನಿಯಮ ಅವರು ಮಾಡಿದ್ದಲ್ಲ. ಸದಸ್ಯರು ತಿಂಗಳು ತಿಂಗಳು ಕೊಡುವ ಚಂದಾ ಬಾಕಿ ಇದ್ದರೆ ಮೊದಲು ಅದನ್ನು ತೀರಿಸಬೇಕು, ಸಮಾಧಿಯ ಮಾತು ಆಮೇಲೆ. ನಮ್ಮ ಸಭೆಯಲ್ಲಿ, ಅಂದರೆ ನಮ್ಮ ಚರ್ಚಿನ ಕೂಟದಲ್ಲಿ, ಎಷ್ಟೋ ವರ್ಷಗಳಿಂದ ಹಾಗೆಯೇ ನಡೆದುಬಂದಿದೆ. ಆದರೆ ಆ ಬೆರಳು ಒಂದೊಂದು ಮನೆ ದಾಟುವಾಗ ನನ್ನ ಎದೆ ಹೊಡೆದುಕೊಂಡದ್ದನ್ನು ಇಂದಿಗೂ ಮರೆಯಲಾಗಿಲ್ಲ. ಅಮ್ಮ ಕೊನೆಯ ನಾಲ್ಕು ತಿಂಗಳು ಹಾಸಿಗೆ ಹಿಡಿದಿದ್ದಳು. ಔಷಧಿ, ಆಸ್ಪತ್ರೆ ಎಂಬ ಓಡಾಟದಲ್ಲಿ ತಿಂಗಳ ಕಾಣಿಕೆಯ ಲಕೋಟೆಯನ್ನು ನಾನಂತೂ ಪೂರ್ತಿ ಮರೆತಿದ್ದೆ. ಅವಳು ಮರೆತಿರಲಿಲ್ಲ. ನೋಡಲು ಬಂದವರ ಕೈಯಲ್ಲಿ ತಪ್ಪದೆ ಕಳಿಸಿಕೊಟ್ಟಿದ್ದಳು. ಅವಳ ದಿಂಬಿನ ಪಕ್ಕದ ಡಬ್ಬಿಯಲ್ಲಿ ಮಾತ್ರೆಗಳು ಲೆಕ್ಕಕ್ಕಿಂತ ಹೆಚ್ಚು ಉಳಿದಿದ್ದವು. ದಿನಕ್ಕೆ ಎರಡು ನುಂಗಬೇಕಾದ ಕಡೆ ಒಂದೇ ನುಂಗುತ್ತಿದ್ದಳು, ಪಟ್ಟಿ ಬೇಗ ಮುಗಿಯದಿರಲಿ ಎಂದು. ಆ ಮಾತ್ರೆಗೂ ಆ ಲಕೋಟೆಗೂ ಸಂಬಂಧ ಇತ್ತೋ ಇಲ್ಲವೋ ಗೊತ್ತಿಲ್ಲ. ಕೇಳೋಣವೆಂದರೆ ಅವಳಿಲ್ಲ.

ಅಮ್ಮ ವಿಧವೆ. ನನಗೆ ಒಂಬತ್ತು ವರ್ಷವಾಗಿದ್ದಾಗ ಅಪ್ಪ ಹೋದರು. ಆದ್ದರಿಂದ ಬಡ ವಿಧವೆಯ ಎರಡು ಕಾಸಿನ ಕಥೆಯನ್ನು ಚರ್ಚಿನಲ್ಲಿ ಓದಿದಾಗಲೆಲ್ಲ ಅದು ನಮ್ಮ ಮನೆಯ ಕಥೆ ಎಂದೇ ನಾನು ಕೇಳುತ್ತಿದ್ದೆ. ಯೇಸು ದೇವಾಲಯದ ಕಾಣಿಕೆ ಪೆಟ್ಟಿಗೆಯ ಎದುರು ಕುಳಿತು ನೋಡುತ್ತಿದ್ದಾನೆ. ಐಶ್ವರ್ಯವಂತರು ಹೆಚ್ಚು ಹೆಚ್ಚಾಗಿ ಹಾಕುತ್ತಾರೆ. ಒಬ್ಬ ಬಡ ವಿಧವೆ ಬಂದು ಎರಡು ಕಾಸು ಹಾಕುತ್ತಾಳೆ. ಎಲ್ಲರಿಗಿಂತ ಹೆಚ್ಚು ಹಾಕಿದವಳು ಇವಳೇ, ಉಳಿದವರು ತಮಗೆ ಸಾಕಾಗಿ ಮಿಕ್ಕದ್ದರಲ್ಲಿ ಕೊಟ್ಟರು, ಇವಳು ತನ್ನ ಬದುಕನ್ನೇ ಹಾಕಿದಳು ಎನ್ನುತ್ತಾನೆ. ಗ್ರೀಕ್ ಮೂಲದಲ್ಲಿ ಅಲ್ಲಿ ಬರುವ ಮಾತು 'ಬಿಯೊಸ್'. ಜೀವ ಎಂದೂ ಆಗುತ್ತದೆ, ಜೀವನೋಪಾಯ ಎಂದೂ ಆಗುತ್ತದೆ. ನಮ್ಮ 'ಬದುಕು' ಎಂಬ ಪದವೂ ಹಾಗೆಯೇ. ಬದುಕುವುದೂ ಬದುಕೇ, ಬದುಕಲು ಇಟ್ಟುಕೊಂಡದ್ದೂ ಬದುಕೇ.

ಈ ಭಾಗದ ಮೇಲೆ ನಾನು ಚರ್ಚಿನಲ್ಲಿ ಎಷ್ಟು ಪ್ರಸಂಗ, ಅಂದರೆ ಉಪದೇಶ, ಕೇಳಿದ್ದೇನೋ ಲೆಕ್ಕವಿಲ್ಲ. ಹೆಚ್ಚಿನವು ಕಟ್ಟಡ ನಿಧಿಯ ವಾರದಲ್ಲೇ ಬಂದಿವೆ. ಆ ಹೆಂಗಸಿನ ಹಾಗೆ ನೀವೂ ಕೊಡಿ ಎಂಬಲ್ಲಿಗೆ ಪ್ರಸಂಗ ಮುಗಿಯುತ್ತದೆ, ಕೀರ್ತನೆ ಶುರುವಾಗುತ್ತದೆ, ಚೀಲ ಬೆಂಚಿನಿಂದ ಬೆಂಚಿಗೆ ಬರುತ್ತದೆ.

ಅಮ್ಮನ ಮರಣದ ನಂತರ ಒಂದು ರಾತ್ರಿ ಅವಳ ಬೈಬಲ್ ತೆಗೆದು ಅದೇ ಭಾಗವನ್ನು ಹಿಂದುಮುಂದಿನ ಸಾಲುಗಳೊಂದಿಗೆ ಒಂದೇ ಓಟಕ್ಕೆ ಓದಿದೆ. ಮಾರ್ಕನ ಸುವಾರ್ತೆಯ 12ನೆಯ ಅಧ್ಯಾಯದ ಕೊನೆ. ವಿಧವೆ ಬರುವುದಕ್ಕೆ ಸ್ವಲ್ಪ ಮೊದಲು ಯೇಸು ಶಾಸ್ತ್ರಿಗಳ ಬಗ್ಗೆ ಎಚ್ಚರಿಕೆ ಕೊಡುತ್ತಾನೆ: ಇವರು ನಿಲುವಂಗಿ ತೊಟ್ಟು ತಿರುಗಾಡುತ್ತಾರೆ, ಸಭಾಮಂದಿರಗಳಲ್ಲಿ ಮುಂದಿನ ಪೀಠ ಬಯಸುತ್ತಾರೆ, ಉದ್ದುದ್ದ ಪ್ರಾರ್ಥನೆ ಮಾಡುತ್ತಾರೆ, ವಿಧವೆಯರ ಮನೆಗಳನ್ನು ನುಂಗುತ್ತಾರೆ. ಆ ಮಾತು ಮುಗಿಯುತ್ತಿದ್ದ ಹಾಗೆ ಒಬ್ಬ ವಿಧವೆ ಬಂದು ತನ್ನಲ್ಲಿದ್ದ ಎಲ್ಲವನ್ನೂ ಅದೇ ದೇವಾಲಯದ ಪೆಟ್ಟಿಗೆಗೆ ಹಾಕಿ ಹೋಗುತ್ತಾಳೆ. ಮುಂದಿನ ಸಾಲಿನಲ್ಲೇ 13ನೆಯ ಅಧ್ಯಾಯ. ಶಿಷ್ಯನೊಬ್ಬ ಆ ದೇವಾಲಯದ ಕಲ್ಲುಗಳನ್ನೂ ಕಟ್ಟಡಗಳನ್ನೂ ಕಂಡು ಬೆರಗಾಗುತ್ತಾನೆ. ಇಲ್ಲಿ ಕಲ್ಲಿನ ಮೇಲೆ ಕಲ್ಲು ನಿಲ್ಲುವುದಿಲ್ಲ ಎಂದು ಯೇಸು ಉತ್ತರಿಸುತ್ತಾನೆ. ಕ್ರಿ.ಶ. 70ರಲ್ಲಿ ರೋಮನ್ ಸೈನ್ಯ ಅದನ್ನು ಕೆಡವಿತು. ನಾವು ಈಗ ಬಳಸುವ ಅಧ್ಯಾಯಗಳ ವಿಂಗಡಣೆ 13ನೆಯ ಶತಮಾನದ್ದು. ಮಾರ್ಕ ಬರೆದಾಗ ಅಲ್ಲಿ ಗೆರೆ ಇರಲಿಲ್ಲ. ಮನೆ ನುಂಗುವವರು, ಮನೆ ಕಳೆದುಕೊಂಡವಳು, ಉರುಳಲಿರುವ ಕಟ್ಟಡ, ಮೂರೂ ಒಂದೇ ಉಸಿರಿನಲ್ಲಿ ಬರುತ್ತವೆ. ಇವಳ ಹಾಗೆ ನೀವೂ ಮಾಡಿ ಎಂದು ಯೇಸು ಎಲ್ಲಿಯೂ ಹೇಳುವುದಿಲ್ಲ. ಅವಳನ್ನು ಅವನು ಮೆಚ್ಚಿಕೊಂಡಿದ್ದಾನೆ ಎಂದೇ ನಾನು ಈಗಲೂ ನಂಬುತ್ತೇನೆ. ಆದರೆ ಅವಳಿಂದ ಆ ಕಾಸು ಇಳಿಸಿಕೊಂಡ ವ್ಯವಸ್ಥೆಯನ್ನು ಮೆಚ್ಚಿಕೊಂಡ ಎನ್ನಲು ಆ ಪುಟದಲ್ಲಿ ಒಂದು ಅಕ್ಷರವೂ ಇಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೂವತ್ತು ವರ್ಷ ಒಂದು ದುಃಖದ ಮಾತನ್ನು ಚಂದಾ ಎತ್ತುವ ಮಾತಾಗಿ ಕೇಳಿದ್ದೆನಲ್ಲ, ಕೇಳಿಸಿದ್ದರಲ್ಲ ಎಂಬ ಸಂಕಟ.

ಕಟ್ಟಡಕ್ಕಾಗಿ ಬಡವರ ಹಣ ಎತ್ತಿದ್ದನ್ನು ಪ್ರಶ್ನಿಸಿಯೇ ಒಂದು ದೊಡ್ಡ ಒಡಕು ಶುರುವಾದದ್ದು ಎಂಬುದನ್ನು ಪ್ರೊಟೆಸ್ಟೆಂಟರಾದ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. 1517ರಲ್ಲಿ ಜರ್ಮನಿಯ ಸನ್ಯಾಸಿ ಮಾರ್ಟಿನ್ ಲೂಥರ್ ಮುಂದಿಟ್ಟ 95 ವಾದಗಳಲ್ಲಿ 86ನೆಯದು ನೇರವಾಗಿ ಕೇಳುತ್ತದೆ: ಪೋಪರು ಇಂದು ಎಲ್ಲರಿಗಿಂತ ಸಿರಿವಂತರಲ್ಲವೇ, ಬಡ ವಿಶ್ವಾಸಿಗಳ ಹಣ ಬಿಟ್ಟು ತಮ್ಮದೇ ಹಣದಿಂದ ಸಂತ ಪೇತ್ರನ ದೇವಾಲಯವನ್ನು ಏಕೆ ಕಟ್ಟಬಾರದು? ಪಾಪದ ಶಿಕ್ಷೆ ಕಡಿಮೆಯಾಗುತ್ತದೆಂದು ಆಗ ಮಾರುತ್ತಿದ್ದ ಕ್ಷಮಾಪಣಾ ಪತ್ರ ಕೊಳ್ಳುವುದಕ್ಕಿಂತ ಬಡವನಿಗೆ ಕೊಡುವುದು, ಇಲ್ಲದವನಿಗೆ ಸಾಲ ಕೊಡುವುದು ಮೇಲು ಎನ್ನುವುದು 43ನೆಯದು. ಸುಧಾರಣಾ ದಿನದಂದು ನಾವು ಲೂಥರನ ಹೆಸರು ಹೇಳುತ್ತೇವೆ. ಈ ಎರಡು ವಾದಗಳನ್ನು ಯಾರೂ ಓದಿದ್ದನ್ನು ನಾನು ಕೇಳಿಲ್ಲ.

ಅಲ್ಲಿಂದ ನನಗೆ ಒಂದು ಚಟವೇ ಹತ್ತಿತು. ಹಣದ ಬಗ್ಗೆ ಯೇಸು ಆಡಿದ ಪ್ರತಿ ಮಾತಿಗೂ ನಾವು ಕೇಳಿದ ವ್ಯಾಖ್ಯಾನ ಯಾವುದು ಎಂದು ನೆನಪಿಸಿಕೊಳ್ಳುವುದು. ಐಶ್ವರ್ಯವಂತ ದೇವರ ರಾಜ್ಯ ಸೇರುವುದಕ್ಕಿಂತ ಒಂಟೆ ಸೂಜಿಕಣ್ಣಿನಲ್ಲಿ ನುಗ್ಗುವುದು ಸುಲಭ ಎಂಬ ಮಾತಿದೆ. ಯೆರೂಸಲೇಮಿನಲ್ಲಿ 'ಸೂಜಿಕಣ್ಣು' ಎಂಬ ಹೆಸರಿನ ಚಿಕ್ಕ ಬಾಗಿಲೊಂದಿತ್ತು, ಒಂಟೆ ಹೊರೆ ಇಳಿಸಿ ಮೊಣಕಾಲೂರಿದರೆ ಒಳಗೆ ನುಸುಳಬಹುದಿತ್ತು ಎಂದು ನಮಗೆ ಭಾನುವಾರ ಶಾಲೆಯಲ್ಲಿ ಕಲಿಸಿದರು. ಅಂಥ ಬಾಗಿಲು ಇತ್ತೆಂಬುದಕ್ಕೆ ಯಾವ ಆಧಾರವೂ ಇಲ್ಲ. ಈ ವಿವರಣೆ ಹುಟ್ಟಿದ್ದೇ ಯೇಸುವಿನ ಕಾಲದ ನೂರಾರು ವರ್ಷಗಳ ನಂತರ. ಸುವಾರ್ತೆಯಲ್ಲಿ ಆ ಮಾತು ಕೇಳಿದ ಶಿಷ್ಯರು ಬೆಚ್ಚಿಬಿದ್ದು "ಹಾಗಾದರೆ ಯಾರಿಗೆ ರಕ್ಷಣೆಯಾದೀತು" ಎನ್ನುತ್ತಾರೆ. ಅಲ್ಲೊಂದು ಬಾಗಿಲಿದ್ದಿದ್ದರೆ ಅವರು ಬೆಚ್ಚಬೇಕಾಗಿರಲಿಲ್ಲ.

"ಬಡವರಾದ ನೀವು ಧನ್ಯರು" ಎಂದು ಲೂಕ ತನ್ನ ಸುವಾರ್ತೆಯಲ್ಲಿ ಬರೆದ. ಮತ್ತಾಯನ ಸುವಾರ್ತೆಯಲ್ಲಿ ಅದು "ಆತ್ಮದಲ್ಲಿ ಬಡವರಾಗಿರುವವರು" ಎಂದಿದೆ. ನಮ್ಮ ಪ್ರಸಂಗಗಳಲ್ಲಿ ಬರುವುದು ಯಾವಾಗಲೂ ಮತ್ತಾಯನದು. ಲೂಕನಲ್ಲಿ ಅದರ ಬೆನ್ನಿಗೇ ಬರುವ "ಐಶ್ವರ್ಯವಂತರಾದ ನಿಮ್ಮ ಗತಿಯನ್ನು ಏನು ಹೇಳಲಿ" ಎಂಬ ಮಾತಿಗೆ ಮತ್ತಾಯನಲ್ಲಿ ಜೋಡಿಯಿಲ್ಲ, ನಮ್ಮ ವೇದಿಕೆಯಲ್ಲಿ ಜಾಗವಿಲ್ಲ. ವಿಚ್ಛೇದನದ ಮಾತು ಬಂದಾಗ, ಹೆಂಗಸರು ಸಭೆಯಲ್ಲಿ ಮೌನವಾಗಿರಬೇಕೆಂಬ ಮಾತು ಬಂದಾಗ ಬೋಧಕರು ಅಕ್ಷರಕ್ಕೆ ಅಂಟಿಕೊಳ್ಳುತ್ತಾರೆ. ನಿನಗಿರುವುದನ್ನೆಲ್ಲಾ ಮಾರಿ ಬಡವರಿಗೆ ಕೊಡು ಎಂಬಲ್ಲಿಗೆ ಬಂದ ಕೂಡಲೇ ಅದು ಹೃದಯದ ಅಂಟನ್ನು ಕುರಿತದ್ದು, ಆಸ್ತಿಯನ್ನು ಕುರಿತದ್ದಲ್ಲ ಎನ್ನುತ್ತಾರೆ. ಬೇರೆಯವರಿಗೆ ಭಾರವಾಗುವ ವಾಕ್ಯ ಅಕ್ಷರವಾಗಿಯೇ ಉಳಿಯುತ್ತದೆ, ನಮ್ಮ ಜೇಬಿಗೆ ಭಾರವಾಗುವ ವಾಕ್ಯ ರೂಪಕವಾಗಿಬಿಡುತ್ತದೆ. ನನ್ನ ತಕರಾರು ಇಷ್ಟೇ. ಇದು ನಾಸ್ತಿಕನ ತಕರಾರಲ್ಲ. ನಾನು ಈ ಮಾತುಗಳನ್ನು ನಂಬುತ್ತೇನೆ, ಅದಕ್ಕೇ ನೋವು.

ಪ್ರತಿ ಭಾನುವಾರ ನಾವು ಎದ್ದು ನಿಂತು ನಮ್ಮ ನಂಬಿಕೆಯ ಸಾರವಾದ ವಿಶ್ವಾಸಪ್ರಮಾಣ ಹೇಳುತ್ತೇವೆ. ಕನ್ಯೆಯಾದ ಮರಿಯಳಲ್ಲಿ ಹುಟ್ಟಿದನು ಎಂಬ ಮಾತಿನಿಂದ ಪೊಂತ್ಯ ಪಿಲಾತನ ಕಾಲದಲ್ಲಿ ಬಾಧೆಪಟ್ಟನು ಎಂಬ ಮಾತಿಗೆ ಒಂದೇ ಹೆಜ್ಜೆ. ನಡುವಿನ ಮೂವತ್ತು ಚಿಲ್ಲರೆ ವರ್ಷ ಒಂದು ಅಲ್ಪವಿರಾಮದಲ್ಲಿ ಅಡಗಿದೆ. ಬೆಟ್ಟದ ಮೇಲಿನ ಬೋಧನೆ, ಐಶ್ವರ್ಯವಂತನ ಬಾಗಿಲಲ್ಲಿ ಹುಣ್ಣು ತುಂಬಿ ಬಿದ್ದಿದ್ದ ಲಾಜರ, ಕಣಜ ಕೆಡವಿ ದೊಡ್ಡ ಕಣಜ ಕಟ್ಟಲು ಹೊರಟ ರೈತ, ಹಸಿದಿದ್ದೆನು ಊಟ ಕೊಟ್ಟಿರಿ ಎಂಬ ಕಡೆಯ ತೀರ್ಪು, ಎಲ್ಲವೂ ಆ ಅಲ್ಪವಿರಾಮದ ಒಳಗೆ. ಪ್ರಮಾಣದ ಒಂದೊಂದು ಮಾತನ್ನೂ ಮನಃಪೂರ್ವಕ ಒಪ್ಪಿಕೊಂಡವನೊಬ್ಬ ಜೇಬಿಗೆ ಕೈಹಾಕದೆ ಇಡೀ ಆಯುಷ್ಯ ಕಳೆಯಬಹುದು. ಬರೆದವರ ಉದ್ದೇಶ ಅದಾಗಿರಲಿಲ್ಲ, ಗೊತ್ತು. ಅವರ ಕಾಲದ ಜಗಳಗಳು ಬೇರೆ. ಆದರೆ ನಾವು ಬಾಯಿಪಾಠಕ್ಕೆ ಆರಿಸಿಕೊಂಡದ್ದು ಇದನ್ನೇ ತಾನೇ?

ಕ್ರಿ.ಶ. 325ರ ನೈಸಿಯ ಮಹಾಸಭೆಯೆಂದರೆ ನಮಗೆಲ್ಲ ನೆನಪಾಗುವುದು ಕ್ರಿಸ್ತನ ದೈವತ್ವದ ಚರ್ಚೆ. ಅದೇ ಸಭೆ ಇಪ್ಪತ್ತು ನಿಯಮಗಳನ್ನೂ ಮಾಡಿತು. ಅವುಗಳಲ್ಲಿ 17ನೆಯದು ಬಡ್ಡಿ ವ್ಯವಹಾರ ಮಾಡುವ ಯಾಜಕರನ್ನು ಕುರಿತದ್ದು. ನೂರಕ್ಕೆ ತಿಂಗಳಿಗೆ ಒಂದರಂತೆ ಬಡ್ಡಿ ವಸೂಲು ಮಾಡುವವನನ್ನು, ಕೊಟ್ಟದ್ದರ ಮೇಲೆ ಅರ್ಧ ಸೇರಿಸಿ ಹಿಂದಕ್ಕೆ ಕೇಳುವವನನ್ನು ಯಾಜಕವರ್ಗದಿಂದಲೇ ತೆಗೆದುಹಾಕಬೇಕು ಎನ್ನುತ್ತದೆ. ಸಾಲಕ್ಕೆ ಬಡ್ಡಿ ತೆಗೆದುಕೊಳ್ಳದವನು ಎಂಬ 15ನೆಯ ಕೀರ್ತನೆಯ ಮಾತನ್ನು ಅದಕ್ಕೆ ಆಧಾರವಾಗಿ ಕೊಡುತ್ತದೆ. ಒಂದೇ ಸಭೆ, ಒಂದೇ ಅಧಿಕಾರ. ಒಂದು ತೀರ್ಮಾನ ಹದಿನೇಳು ಶತಮಾನಗಳಿಂದ ನಮ್ಮ ನಾಲಿಗೆಯ ಮೇಲಿದೆ, ಇನ್ನೊಂದು ಇತಿಹಾಸ ಓದುವವರ ಟಿಪ್ಪಣಿಯಾಗಿ ಉಳಿದಿದೆ.

ಬಡ್ಡಿಯ ಮೇಲಿನ ನಿಷೇಧ ಒಂದೇ ದಿನದಲ್ಲಿ ಕಳಚಿ ಬೀಳಲಿಲ್ಲ. 1179ರ ಮೂರನೆಯ ಲ್ಯಾಟರನ್ ಮಹಾಸಭೆ ಇದನ್ನು ಯಾಜಕರಿಂದಾಚೆಗೂ ಚಾಚಿತು: ಬಹಿರಂಗವಾಗಿ ಬಡ್ಡಿ ವ್ಯಾಪಾರ ಮಾಡುವವರಿಗೆ ಪವಿತ್ರ ಭೋಜನವಿಲ್ಲ, ಅದೇ ಪಾಪದಲ್ಲಿ ಸತ್ತರೆ ಕ್ರೈಸ್ತ ಸಮಾಧಿಯೂ ಇಲ್ಲ. ಇಲ್ಲಿ ನಾನು ಓದುವುದನ್ನು ನಿಲ್ಲಿಸಿ ಕುಳಿತೆ. ಅಂದರೆ ಸಮಾಧಿಯ ಬಾಗಿಲಲ್ಲಿ ಲೆಕ್ಕ ನೋಡುವ ಪದ್ಧತಿ ಚರ್ಚಿಗೆ ಹೊಸದಲ್ಲ. ಅಂದು ತಡೆದದ್ದು ಬಡವರ ಬಡ್ಡಿ ತಿಂದವನನ್ನು. ಇಂದು ತಡೆಯುವುದು ಚಂದಾ ಕೊಡಲಾಗದವನನ್ನು. ರಿಜಿಸ್ಟರು ಹಾಗೇ ಉಳಿದು, ಅದರಲ್ಲಿ ಹುಡುಕುವ ಹೆಸರು ಬದಲಾಗಿದೆ.

ಬಡ್ಡಿ ತಿಂದವರೂ ದಾರಿ ಕಂಡುಕೊಂಡರು. ಇಟಲಿಯ ಪಡುವಾದಲ್ಲಿ ಎನ್ರಿಕೊ ಸ್ಕ್ರೊವೆಞಿ ಎಂಬ ಸಾಹುಕಾರ 1305ರ ಸುಮಾರಿಗೆ ಕಟ್ಟಿಸಿ ಪ್ರತಿಷ್ಠೆ ಮಾಡಿಸಿದ ಪ್ರಾರ್ಥನಾಲಯದ ಗೋಡೆ ತುಂಬಾ ಚಿತ್ರಕಾರ ಜೊತ್ತೊ ಬಿಡಿಸಿದ ಚಿತ್ರಗಳಿವೆ. ಎನ್ರಿಕೊನ ತಂದೆ ರೆಜಿನಾಲ್ದೊ ಎಂಥ ಹೆಸರಾಂತ ಬಡ್ಡಿಗಾರನೆಂದರೆ ಕವಿ ದಾಂತೆ ಅವನನ್ನು ನರಕದ ಉರಿಮರಳಿನ ಮೇಲೆ ಕೂರಿಸಿದ. ಪ್ರಾರ್ಥನಾಲಯದ ಕಡೆಯ ತೀರ್ಪಿನ ಚಿತ್ರದಲ್ಲಿ ಮಗ ಮೊಣಕಾಲೂರಿ ತನ್ನ ಕಟ್ಟಡದ ಮಾದರಿಯನ್ನು ಮಾತೆ ಮರಿಯಳಿಗೆ ಅರ್ಪಿಸುತ್ತಿದ್ದಾನೆ, ಅದೂ ರಕ್ಷಣೆ ಹೊಂದಿದವರ ಬದಿಯಲ್ಲಿ. ಆ ಚಿತ್ರಗಳ ಪ್ರತಿಗಳನ್ನು ನೋಡಿದಾಗ ನನ್ನ ಕಣ್ಣು ತುಂಬಿದೆ. ಅಷ್ಟು ಚೆಂದ, ಅಷ್ಟು ಕರುಣೆ. ಅದರ ಜೊತೆಗೇ, ಆ ನೀಲಿಬಣ್ಣಕ್ಕೆ ಹಣ ತೆತ್ತವರು ಯಾರು ಎಂಬ ಪ್ರಶ್ನೆಯೂ ಬಿಡುವುದಿಲ್ಲ. ಸಾಲಗಾರರ ಹೆಸರು ಯಾವ ಗೋಡೆಯ ಮೇಲೂ ಇಲ್ಲ.

ನನ್ನ ಉಳಿತಾಯಕ್ಕೂ ಬ್ಯಾಂಕು ಬಡ್ಡಿ ಕೊಡುತ್ತದೆ, ನಾನು ತೆಗೆದುಕೊಳ್ಳುತ್ತೇನೆ. ಇದನ್ನು ಮುಚ್ಚಿಟ್ಟು ಉಳಿದದ್ದನ್ನು ಬರೆಯುವುದು ಸರಿಯಲ್ಲ. ಇಂದಿನ ಹಣಕಾಸು ಅಂದಿನಂತಿಲ್ಲ ಎಂಬ ವಾದದಲ್ಲಿ ಹುರುಳಿದೆ ಎಂದೂ ನನಗೆ ಅನ್ನಿಸುತ್ತದೆ. ಆದರೆ ಇದನ್ನು ಅಕ್ಷರಶಃ ತೆಗೆದುಕೊಂಡವರು ನಮ್ಮ ಕಾಲಕ್ಕೆ ಹತ್ತಿರದಲ್ಲೇ ಇದ್ದರು. ನ್ಯೂಯಾರ್ಕಿನಲ್ಲಿ ನಿರ್ಗತಿಕರಿಗೆ ಊಟ, ವಸತಿ ಕೊಡುತ್ತಿದ್ದ ಕ್ಯಾಥೊಲಿಕ್ ವರ್ಕರ್ ಚಳವಳಿಯ ಡೊರೊಥಿ ಡೇ ಅವರ ಮನೆಯೊಂದನ್ನು ಸುರಂಗ ರೈಲಿನ ಕೆಲಸಕ್ಕಾಗಿ ನಗರಾಡಳಿತ ವಶಪಡಿಸಿಕೊಂಡಿತು. ಪರಿಹಾರ ತಡವಾಗಿ ಬಂತು, ತಡವಾದುದಕ್ಕೆ ಬಡ್ಡಿಯೂ ಸೇರಿಕೊಂಡಿತ್ತು: 3,579 ಡಾಲರ್ 39 ಸೆಂಟ್. 1960ರಲ್ಲಿ ಅವರು ಆ ಬಡ್ಡಿಯ ಮೊತ್ತವನ್ನು ಚೆಕ್ ಬರೆದು ನಗರದ ಖಜಾಂಚಿಗೆ ಹಿಂದಿರುಗಿಸಿದರು. ಹಣವನ್ನು ಬಡ್ಡಿಗೆ ಕೊಡುವುದರಲ್ಲಿ ನಮಗೆ ನಂಬಿಕೆಯಿಲ್ಲ ಎಂದು ಜೊತೆಗೊಂದು ಪತ್ರ. ದಿನ ಬೆಳಗಾದರೆ ಸಾಲು ನಿಲ್ಲುವ ಹಸಿದವರಿಗೆ ಹಣ ಹೊಂದಿಸಬೇಕಾಗಿದ್ದ ಹೆಂಗಸು ಅವರು. ಒಂದು ವಾಕ್ಯವನ್ನು ರೂಪಕ ಮಾಡಿಕೊಳ್ಳಲು ಯಾರಿಗಾದರೂ ನೆಪ ಇದ್ದಿದ್ದರೆ ಅವರಿಗಿತ್ತು. ಅವರು ಹಾಗೆ ಮಾಡಲಿಲ್ಲ.

ದಶಮಾಂಶದ, ಅಂದರೆ ಹತ್ತನೆಯ ಒಂದು ಪಾಲನ್ನು ದೇವರಿಗೆ ಕೊಡುವ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅಮ್ಮನ ಲಕೋಟೆಯ ಹಿಂದೆ ಇದ್ದದ್ದು ಆ ಬೋಧನೆ. ಬೈಬಲಿನ ಮಲಾಕಿಯನ ಗ್ರಂಥದ 3ನೆಯ ಅಧ್ಯಾಯ ನಮ್ಮಲ್ಲಿ ಹಲವರಿಗೆ ಬಾಯಿಪಾಠ: ನೀವು ದೇವರಿಂದ ಕದ್ದಿದ್ದೀರಿ, ದಶಮಾಂಶವನ್ನೆಲ್ಲ ನನ್ನ ಭಂಡಾರಕ್ಕೆ ತನ್ನಿ, ಆಗ ಪರಲೋಕದ ದ್ವಾರಗಳನ್ನು ತೆರೆದು ಸುರಿಸುವೆನು. ಕೊಡದವನು ಕಳ್ಳ ಎಂಬ ಭಯವನ್ನು ಈ ವಾಕ್ಯ ಎಷ್ಟು ಮನೆಗಳಲ್ಲಿ ಬಿತ್ತಿದೆಯೋ. ಆದರೆ ಆ ದಶಮಾಂಶ ಯಾವುದಕ್ಕೆ ಎಂದು ಹೇಳುವುದು ಧರ್ಮೋಪದೇಶಕಾಂಡದ 14ನೆಯ ಅಧ್ಯಾಯ. ಅದನ್ನು ಓದಿದಾಗ ನಾನು ಬೆರಗಾದೆ. ಹೊಲದ ಬೆಳೆಯ ಹತ್ತನೆಯ ಪಾಲನ್ನು ದೇವರ ಸನ್ನಿಧಿಯಲ್ಲಿ ನೀವೇ ಊಟ ಮಾಡಿ ಎನ್ನುತ್ತದೆ! ದಾರಿ ದೂರವಾದರೆ ಅದನ್ನು ಮಾರಿ ಹಣ ಮಾಡಿಕೊಂಡು ಹೋಗಿ, ಅಲ್ಲಿ ಮನಸ್ಸಿಗೆ ಬಂದದ್ದನ್ನು ಕೊಂಡು ಮನೆಯವರೊಂದಿಗೆ ಉಂಡು ಸಂತೋಷಪಡಿ, ಊರಿನ ಲೇವಿಯರನ್ನು, ಅಂದರೆ ದೇವರ ಸೇವೆಗೆ ಮೀಸಲಾದ ಕುಲದವರನ್ನು, ಕೈಬಿಡಬೇಡಿ. ಪ್ರತಿ ಮೂರನೆಯ ವರ್ಷ ಆ ಪಾಲನ್ನು ಊರಲ್ಲೇ ಇಡಿ. ಭೂಮಿಯಿಲ್ಲದ ಲೇವಿಯರು, ಪರದೇಶಿಗಳು, ತಾಯಿತಂದೆಯಿಲ್ಲದವರು, ವಿಧವೆಯರು ಬಂದು ತೃಪ್ತಿಯಾಗಿ ಉಣ್ಣಲಿ. ಲೇವಿಯರ ಜೀವನಾಂಶಕ್ಕೆಂದು ಬೇರೆ ಕಡೆ ಹೇಳಿರುವುದೂ ಉಂಟು, ಇಲ್ಲವೆನ್ನುವುದಿಲ್ಲ. ಆದರೂ ವಿಧವೆ ಈ ನಿಯಮದಲ್ಲಿ ಎಲ್ಲಿದ್ದಾಳೆ ನೋಡಿ. ಉಣ್ಣಲು ಬರುವವರ ಸಾಲಿನಲ್ಲಿದ್ದಾಳೆ. ನಮ್ಮ ರಿಜಿಸ್ಟರಿನಲ್ಲಿ ಅವಳಿದ್ದದ್ದು ಕೊಡಬೇಕಾದವರ ಸಾಲಿನಲ್ಲಿ.

ಯೇಸು ಇದನ್ನು ಇನ್ನೂ ಬಿಡಿಸಿ ಹೇಳಿದ್ದಾನೆ. ತಂದೆತಾಯಿಗೆ ಆಗಬೇಕಾದ ನೆರವನ್ನು 'ಕೊರ್ಬಾನ್', ಅಂದರೆ ದೇವರಿಗೆ ಮುಡಿಪಿಟ್ಟದ್ದು ಎಂದು ಹೇಳಿ ತಪ್ಪಿಸಿಕೊಳ್ಳುವವರನ್ನೂ, ಅದಕ್ಕೆ ಒಪ್ಪಿಗೆ ಕೊಡುವ ಬೋಧಕರನ್ನೂ ಮಾರ್ಕನ 7ನೆಯ ಅಧ್ಯಾಯದಲ್ಲಿ ಬೈಯುತ್ತಾನೆ. ದೇವರ ಪಾಲು ಎಂಬ ಹೆಸರಿನಲ್ಲಿ ಹೆತ್ತವರ ಪಾಲು ಮುಟ್ಟಬಾರದು. ಅಮ್ಮನ ಮಾತ್ರೆಯ ಡಬ್ಬಿ ನೆನಪಾದಾಗಲೆಲ್ಲ ನಾನು ಈ ಭಾಗ ತೆರೆಯುತ್ತೇನೆ. ತನ್ನ ಪಾಲನ್ನು ತಾನೇ ಕೊರ್ಬಾನ್ ಮಾಡಿಕೊಂಡ ತಾಯಿಯ ಬಗ್ಗೆ ಅಲ್ಲಿ ಏನೂ ಇಲ್ಲ.

ಬಿತ್ತಿದರೆ ನೂರರಷ್ಟು ಬೆಳೆಯುತ್ತೀರಿ, ಕಾಣಿಕೆ ಹಾಕಿ ಕಾಯಿಲೆ ವಾಸಿಮಾಡಿಕೊಳ್ಳಿ ಎನ್ನುವ ಟೆಲಿವಿಷನ್ ಬೋಧಕರ ಬಗ್ಗೆ ಹೆಚ್ಚು ಬರೆಯಲು ನನಗೆ ಮನಸ್ಸಿಲ್ಲ. 1987ರಲ್ಲಿ ಅಮೆರಿಕದ ಓರಲ್ ರಾಬರ್ಟ್ಸ್ 80 ಲಕ್ಷ ಡಾಲರ್ ಕೂಡದಿದ್ದರೆ ದೇವರು ತನ್ನನ್ನು ಕರೆದುಕೊಂಡುಬಿಡುತ್ತಾನೆ ಎಂದು ಸಾರಿದರು, ಹಣ ಹರಿದು ಬಂತು. ಅವರ ತಪ್ಪು ಎಲ್ಲರ ಕಣ್ಣಿಗೂ ಬೀಳುತ್ತದೆ. ಅವರನ್ನು ಬೈದು ನಾವು ಹಗುರಾಗುತ್ತೇವೆ. ನನಗೆ ಹೆಚ್ಚು ಭಯ ಹುಟ್ಟಿಸುವುದು ಗೌರವಸ್ಥ ಚರ್ಚುಗಳ ಮರ್ಯಾದೆಯ ಲೆಕ್ಕಪತ್ರ.

ಇಂಗ್ಲೆಂಡಿನಲ್ಲಿ 1701ರಲ್ಲಿ ಹುಟ್ಟಿದ ಸುವಾರ್ತಾ ಪ್ರಸಾರ ಸಂಘಕ್ಕೆ ಕ್ರಿಸ್ಟೊಫರ್ ಕೊಡ್ರಿಂಗ್ಟನ್ ಎಂಬ ಶ್ರೀಮಂತ 1710ರಲ್ಲಿ ಸಾಯುವಾಗ ಬಾರ್ಬಡೋಸ್ ದ್ವೀಪದ ಎರಡು ಕಬ್ಬಿನ ತೋಟಗಳನ್ನು ಉಯಿಲಿನಲ್ಲಿ ಬಿಟ್ಟುಹೋದ. ತೋಟದ ಜೊತೆಗೆ ಅಲ್ಲಿ ದುಡಿಯುತ್ತಿದ್ದ ನೂರಾರು ಗುಲಾಮರೂ ಸಂಘದ ಸ್ವತ್ತಾದರು. ಸಂಘ ತನ್ನ ಸ್ವತ್ತಿಗೆ ಗುರುತು ಹಾಕಿಸಿತು. ಕಾದ ಕಬ್ಬಿಣದಿಂದ ಗುಲಾಮರ ಎದೆಯ ಮೇಲೆ 'ಸೊಸೈಟಿ' ಎಂಬ ಅಕ್ಷರಗಳನ್ನು ಒತ್ತಿಸಿತು. 1732ರವರೆಗೂ ಅದು ನಡೆಯಿತು. ಆ ಹೆಸರು ಸುವಾರ್ತೆಯನ್ನು ಹರಡಲು ಹುಟ್ಟಿದ ಸಂಘದ್ದು. ಕಬ್ಬಿಣ ಚರ್ಮಕ್ಕೆ ತಾಗುವ ಆ ಕ್ಷಣವನ್ನು ಕಲ್ಪಿಸಿಕೊಳ್ಳದೆ ಈ ಸಾಲನ್ನು ದಾಟಿ ಮುಂದೆ ಹೋಗಲು ನನಗೆ ಆಗುವುದಿಲ್ಲ. 1830ರ ದಶಕದಲ್ಲಿ ಬ್ರಿಟಿಷ್ ಸರಕಾರ ಗುಲಾಮಗಿರಿಯನ್ನು ರದ್ದುಮಾಡಿ ಪರಿಹಾರ ಕೊಟ್ಟದ್ದು ಮಾಲೀಕರಿಗೆ. ಸಂಘಕ್ಕೂ ಅದರಲ್ಲಿ ಪಾಲು ಸಂದಿತು. ಎದೆಯ ಮೇಲೆ ಬರೆ ಹೊತ್ತವರ ಮಕ್ಕಳು ಮೊಮ್ಮಕ್ಕಳಿಗೆ ಬಿಡಿಗಾಸೂ ಸಿಗಲಿಲ್ಲ. ಇಂಗ್ಲೆಂಡ್ ಚರ್ಚಿನ ಮಹಾಸಭೆ ಕ್ಷಮೆ ಕೇಳಿದ್ದು 2006ರಲ್ಲಿ.

ಆ ಸಂಘದವರು ಕ್ರೂರಿಗಳ ಗುಂಪಾಗಿರಲಿಲ್ಲ ಎಂಬುದೇ ನನ್ನನ್ನು ಹೆಚ್ಚು ಕಾಡುತ್ತದೆ. ಪ್ರಾರ್ಥಿಸುವವರು, ಓದಿಕೊಂಡವರು, ಲೆಕ್ಕ ಸರಿಯಾಗಿ ಇಟ್ಟವರು. ದೀಕ್ಷಾಸ್ನಾನ ಆತ್ಮವನ್ನು ಬಿಡಿಸುತ್ತದೆ, ದೇಹವನ್ನಲ್ಲ ಎಂಬ ಬೋಧನೆ ಅವರ ಕೈಗೆ ಸಿದ್ಧವಾಗಿ ಬಂದಿತ್ತು. ದೀಕ್ಷಾಸ್ನಾನದಿಂದ ಗುಲಾಮನ ಸ್ಥಿತಿ ಬದಲಾಗುವುದಿಲ್ಲ ಎಂದು ವರ್ಜೀನಿಯಾ ವಸಾಹತು 1667ರಲ್ಲಿ ಕಾನೂನನ್ನೇ ಮಾಡಿತ್ತು. 1807ರಲ್ಲಿ ಲಂಡನ್ನಿನಲ್ಲಿ ವೆಸ್ಟ್ ಇಂಡೀಸಿನ ಗುಲಾಮರಿಗೆಂದು ಅಚ್ಚಾದ ಬೈಬಲಿನಲ್ಲಿ ಇಸ್ರಾಯೇಲ್ಯರು ಐಗುಪ್ತದ ದಾಸ್ಯದಿಂದ ಬಿಡುಗಡೆಯಾಗಿ ಹೊರಟ ಕಥೆಯೇ ಇರಲಿಲ್ಲ. ಅವರು ಪುಟವನ್ನೇ ತೆಗೆದುಹಾಕಿದರು. ನಾವು ಪುಟ ಬಿಟ್ಟು ಅದರ ಭಾರವನ್ನು ತೆಗೆದುಹಾಕಿದ್ದೇವೆ.

ಚರ್ಚಿನ ಒಳಗಿನಿಂದಲೇ ಬೇರೆ ದನಿ ಎದ್ದಿದೆ, ಪ್ರತಿ ಶತಮಾನದಲ್ಲೂ. 378ರಲ್ಲಿ ಗಾಥ್ ಬುಡಕಟ್ಟಿನವರ ಕೈಗೆ ಸೆರೆಸಿಕ್ಕವರನ್ನು ಬಿಡಿಸಲು ಮಿಲಾನಿನ ಬಿಷಪ್ ಆಂಬ್ರೋಸ್ ಪವಿತ್ರ ಭೋಜನದ ಪಾತ್ರೆಗಳನ್ನು ಒಡೆಸಿ ಕರಗಿಸಿದ. ಬೈದವರಿಗೆ, ಚರ್ಚಿಗೆ ಚಿನ್ನ ಇರುವುದು ಕೂಡಿಡಲಿಕ್ಕಲ್ಲ, ಕಷ್ಟದಲ್ಲಿರುವವರಿಗೆ ಕೊಡಲಿಕ್ಕೆ ಎಂದ. ಕ್ರಿಸ್ತನ ದೇಹವನ್ನು ಗುಡಿಯೊಳಗೆ ರೇಷ್ಮೆಯಿಂದ ಗೌರವಿಸಿ ಹೊರಗೆ ಚಳಿಯಲ್ಲಿ ಬೆತ್ತಲೆ ಬಿಡಬೇಡಿ ಎಂದು ಯೋಹಾನ ಕ್ರಿಸೊಸ್ತೊಮ್ ಪ್ರಸಂಗ ಮಾಡಿದ. ಮುಂದೆ ಕಾನ್‌ಸ್ಟಾಂಟಿನೋಪಲಿನ ಬಿಷಪ್ ಆಗಿ ಅರಮನೆಯ ವೈಭವವನ್ನೂ ಖಂಡಿಸಿದ, ಗಡೀಪಾರಾಗಿ 407ರಲ್ಲಿ ದಾರಿಯಲ್ಲೇ ಸತ್ತ. ಅಸಿಸಿಯ ಫ್ರಾನ್ಸಿಸ್ ಏನೂ ಇಲ್ಲದೆ ಬದುಕಿ 1226ರಲ್ಲಿ ತೀರಿಕೊಂಡ, ಎರಡೇ ವರ್ಷಕ್ಕೆ ಅವನ ಹೆಸರಿನಲ್ಲಿ ಭವ್ಯ ದೇವಾಲಯಕ್ಕೆ ಕಲ್ಲು ಬಿತ್ತು. ಅವನ ಬಡತನದ ವ್ರತವನ್ನು ಅಕ್ಷರಶಃ ಪಾಲಿಸುತ್ತೇವೆಂದು ಹಟ ಹಿಡಿದ ನಾಲ್ವರು ಸನ್ಯಾಸಿಗಳನ್ನು 1318ರಲ್ಲಿ ಮಾರ್ಸೇಯಲ್ಲಿ ಜೀವಂತ ಸುಟ್ಟರು. ಕ್ರಿಸ್ತನಿಗೂ ಅಪೊಸ್ತಲರಿಗೂ ಸ್ವಂತದ್ದೆಂಬುದು ಏನೂ ಇರಲಿಲ್ಲ ಎಂದು ಹಟದಿಂದ ಹೇಳುವುದು ಪಾಷಂಡವಾದ ಎಂದು 1323ರಲ್ಲಿ ಪೋಪ್ 22ನೆಯ ಜಾನ್ ಆಜ್ಞೆ ಹೊರಡಿಸಿದರು.

ಚರ್ಚಿಗೂ ಖರ್ಚಿರುತ್ತದೆ ಎನ್ನುವವರ ಮಾತು ನನಗೆ ಅರ್ಥವಾಗುತ್ತದೆ. ಸೂರು ಸೋರಿದರೆ ಕಟ್ಟಬೇಕು, ಸಭಾಪಾಲಕರ ಮಕ್ಕಳೂ ಉಣ್ಣಬೇಕು. ಕುಷ್ಠರೋಗಿಗಳನ್ನು ಯಾರೂ ಮುಟ್ಟದ ಕಾಲದಲ್ಲಿ ಆಸ್ಪತ್ರೆ ತೆರೆದವರೂ, ಯಾರೂ ಓದಿಸದ ಮಕ್ಕಳಿಗೆ ಶಾಲೆ ತೆರೆದವರೂ ಇದೇ ನಂಬಿಕೆಯವರು. ಅವರ ಋಣದಲ್ಲಿ ನಾನೂ ಇದ್ದೇನೆ. ಈ ಮಾತನ್ನೆಲ್ಲ ಒಪ್ಪಿಕೊಂಡೇ ನಾನು ಮೂರು ವರ್ಷ ನಮ್ಮ ಸಭೆಯ ಹಣಕಾಸು ಸಮಿತಿಯಲ್ಲಿ ಕೆಲಸ ಮಾಡಿದೆ.

ಅಲ್ಲಿ ಮೊದಲ ಬಾರಿಗೆ ಇಡೀ ಲೆಕ್ಕ ನೋಡಿದೆ. ಕಟ್ಟಡದ ದುರಸ್ತಿ, ಧ್ವನಿವರ್ಧಕದ ಹೊಸ ವ್ಯವಸ್ಥೆ, ಬೆಂಚುಗಳ ಹೊಳಪು, ಅತಿಥಿ ಸತ್ಕಾರ. ಪಟ್ಟಿಯ ಕೊನೆಯಿಂದ ಎರಡನೆಯ ಸಾಲಿನಲ್ಲಿ, 'ಇತರೆ' ಎಂಬುದಕ್ಕೆ ಒಂದು ಸಾಲು ಮೇಲೆ, 'ಬಡವರ ಸಹಾಯ ನಿಧಿ'. ಅದರಲ್ಲಿದ್ದ ಹಣವೂ ಪೂರ್ತಿ ಖರ್ಚಾಗಿರಲಿಲ್ಲ. ವರ್ಷದಿಂದ ವರ್ಷಕ್ಕೆ ಮುಂದಕ್ಕೆ ಒಯ್ಯಲಾಗಿತ್ತು. ಏಕೆಂದು ಕೇಳಿದೆ. ಅರ್ಜಿಗಳೇ ಬರುವುದಿಲ್ಲ ಎಂದರು. ಅರ್ಜಿಯ ನಮೂನೆ ತರಿಸಿಕೊಂಡು ನೋಡಿದೆ. ಇಬ್ಬರು ಹಿರಿಯ ಸದಸ್ಯರ ಶಿಫಾರಸು, ಸಭಾಪಾಲಕರ ಸಹಿ, ಅದರ ಕೆಳಗೆ ಒಂದು ಸಾಲು: 'ಅರ್ಜಿದಾರರ ಚಂದಾ ಬಾಕಿ ಇರುವುದಿಲ್ಲವೆಂದು ದೃಢೀಕರಿಸಲಾಗಿದೆ'. ಚಂದಾ ಕಟ್ಟಲು ಆಗದವನಿಗೆ ಸಹಾಯ ಬೇಕು, ಸಹಾಯ ಬೇಕಾದರೆ ಚಂದಾ ಕಟ್ಟಿರಬೇಕು. ಆ ಸಾಲನ್ನು ನಾನು ಮೂರು ಸಲ ಓದಿದೆ.

ಕಳೆದ ವರ್ಷದ ಸರ್ವಸದಸ್ಯರ ಸಭೆಯಲ್ಲಿ ಒಂದು ಗೊತ್ತುವಳಿ ಮಂಡಿಸಿದೆ. ಎರಡೇ ವಾಕ್ಯ. ಸಹಾಯ ನಿಧಿಯ ಅರ್ಜಿಯಿಂದ ಬಾಕಿಯ ಸಾಲನ್ನು ತೆಗೆಯಬೇಕು. ಸಮಾಧಿಗೆ ಜಾಗ ಕೇಳಿ ಬಂದವರ ಎದುರಿಗೆ ಚಂದಾ ರಿಜಿಸ್ಟರ್ ತೆರೆಯಕೂಡದು. ನಾನು ಗೌರವಿಸುವ ಹಿರಿಯರೊಬ್ಬರು ಎದ್ದು ನಿಂತು ಮೆಲ್ಲಗೆ ಹೇಳಿದರು: "ನೋಡಪ್ಪಾ, ನಿನ್ನ ಮನಸ್ಸು ಒಳ್ಳೆಯದು. ಆದರೆ ಹೀಗೆ ಬಿಗಿ ಸಡಿಲಿಸಿದರೆ ನಾಳೆ ಯಾರೂ ಚಂದಾ ಕೊಡುವುದಿಲ್ಲ. ಸಭೆ ನಡೆಯುವುದು ಹೇಗೆ?" ನನಗೆ ಉತ್ತರ ಹೊಳೆಯಲಿಲ್ಲ. ನಮ್ಮ ಅಮ್ಮ ರಿಜಿಸ್ಟರಿಗೆ ಹೆದರಿ ಕೊಡುತ್ತಿದ್ದಳೇ, ಪ್ರೀತಿಯಿಂದ ಕೊಡುತ್ತಿದ್ದಳೇ ಎಂಬ ಪ್ರಶ್ನೆ ಗಂಟಲಿಗೆ ಬಂದು ನಿಂತಿತು. ಪ್ರೀತಿಯಿಂದಲೇ ಎಂದು ನನಗೆ ಗೊತ್ತು. ಹೆದರಿಕೆಯೂ ಇತ್ತು ಎಂದೂ ಗೊತ್ತು. ಎರಡನ್ನೂ ಬಿಡಿಸಲಾಗದಂತೆ ಹೆಣೆದುಬಿಟ್ಟದ್ದು ನಾವು.

ಕೈಯೆತ್ತಿ ಮತ ಹಾಕಲು ಹೇಳಿದರು. ಪರವಾಗಿ ಎದ್ದ ಕೈಗಳು ಹನ್ನೊಂದು. ಕೊನೆಯ ಬೆಂಚಿನಲ್ಲಿ, ಗೋಡೆಗೊರಗಿ ಕುಳಿತಿದ್ದ ಹಳೆಯ ಗುಮಾಸ್ತರದು ಹನ್ನೊಂದನೆಯದು. ಅವರೀಗ ನಿವೃತ್ತರು. ತೋರುಬೆರಳಿಗೆ ಸಂಧಿವಾತ ಬಂದು ಪೂರ್ತಿ ನೆಟ್ಟಗಾಗುವುದಿಲ್ಲ. ಗೊತ್ತುವಳಿ ಬಿದ್ದುಹೋಯಿತು.

ಈ ವರ್ಷದ ಸಭೆಗೆ ಅದೇ ಎರಡು ವಾಕ್ಯಗಳನ್ನು ಮತ್ತೆ ಕೊಟ್ಟಿದ್ದೇನೆ. ಟೈಪ್ ಮಾಡಿಕೊಟ್ಟವರು ಆ ಗುಮಾಸ್ತರೇ. ಎರಡನೆಯ ವಾಕ್ಯದಲ್ಲಿ 'ಎದುರಿಗೆ' ಎಂಬ ಪದವನ್ನು ಹೊಡೆದುಹಾಕಿ ಕೊಟ್ಟರು. ಬಂದವರ ಎದುರಿಗೂ ಬೇಡ, ಹಿಂದಿನಿಂದಲೂ ಬೇಡ ಎಂದರು.